ಸೈಕಲ್ ಇಳಿಯದ ಮೇಷ್ಟ್ರು

ಅರವತ್ತರ ದಶಕದಲ್ಲಿ ಹೊಸನಗರದ ನಮ್ಮ ಬೀದಿಗೆ ಬರುತ್ತಿದ್ದ ಅಂಚೆಯವನು ಸೈಕಲ್ ಇಳಿದದ್ದನ್ನು ಯಾರೂ ಕಂಡಿರಲಿಲ್ಲ. ಒಂದು ಕಾಲು ನಮ್ಮ ಜಗುಲಿಯ ಮೇಲೆ, ಇನ್ನೊಂದು ಪೆಡಲಿನ ಮೇಲೆ, ಕಣ್ಣು ಆಗಲೇ ಮುಂದಿನ ಮನೆಯ ಮೇಲೆ. ಏಳು ವರ್ಷದ ನನಗೆ ಇಂಗ್ಲಿಷ್ ಕಲಿಸಿದ್ದು ಆತನೇ, ಲಕೋಟೆಗಳ ಮೇಲಿನ ವಿಳಾಸ ಓದಿಸಿ ಓದಿಸಿ. ನಾನು ತಡವರಿಸಿದರೆ ಬೆಲ್ಲು ಬಾರಿಸುತ್ತಿದ್ದ. "ಓದೇ ಮಾರಾಯ್ತಿ, ಹೊತ್ತಾತು!"

ಟೆಲಿಗ್ರಾಂ ಬಂತೆಂದರೆ ಒಡೆಯುವ ಮೊದಲೇ ಅಳುವುದು ನಮ್ಮ ಕಡೆಯ ರೂಢಿ. ಸಾಗರದ ಆಸ್ಪತ್ರೆಗೆ ಹೆರಿಗೆಗೆ ಹೋಗಿದ್ದ ಅಕ್ಕನ ಕಡೆಯಿಂದ ಒಂದು ಬಂದಾಗ ಅಜ್ಜಿ, ಅಮ್ಮ ಎದೆ ಬಡಿದುಕೊಂಡರು. ಅಂಚೆ ಕಚೇರಿಯಲ್ಲೇ ಸುದ್ದಿ ತಿಳಿದಿದ್ದರೂ ಆತ ಬಾಯಿ ಬಿಡಲಿಲ್ಲ. ಕಾಗದವನ್ನು ನನ್ನ ಮೂಗಿನ ಮುಂದೆ ಹಿಡಿದು ಬೆಲ್ಲು ಬಾರಿಸಿದ. ನಾನು ಅಕ್ಷರ ಕೂಡಿಸಿ ಕೂಗಿದೆ: "ಗಂಡು ಮಗು! ಇಬ್ರೂ ಆರಾಮ!"

ಅಜ್ಜಿ ಅಳು ನಿಲ್ಲಿಸಿ ಆತನಿಗೇ ಬೈದಳು. "ನಿಂಗೆ ಹೇಳಕ್ಕೆ ಎಂತ ಆಗಿತ್ತೋ?"

"ಹುಡುಗಿ ಓದ್ತಲ್ಲ ಅಜ್ಜಿ. ಹೊತ್ತಾತು," ಎಂದವನೇ ಹೊರಟುಬಿಟ್ಟ.

ಮರುವರ್ಷ ಅಪ್ಪ ಮಂಗಳೂರಿನ ಆಸ್ಪತ್ರೆ ಸೇರಿದರು. ನಾನು ದಿನವೂ ಬೆಲ್ಲಿಗೆ ಕಿವಿಗೊಟ್ಟು, ಕೂರಲಾಗದೆ ಜಗುಲಿಯಲ್ಲೇ ಸುಳಿದಾಡುತ್ತಿದ್ದೆ. ಒಂದು ಬೆಳಿಗ್ಗೆ ಬೆಲ್ಲಿನ ಸದ್ದಿಲ್ಲದೆ ಆತ ಬಂದ. ಕೆಳಗಿಳಿದು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದ. ನಾನು ಕೈ ಚಾಚಿದೆ, ಆತ ಕೈಯಲ್ಲಿದ್ದ ಟೆಲಿಗ್ರಾಂ ಕೊಡಲಿಲ್ಲ. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, "ಇವತ್ತು ಅವಸರ ಇಲ್ಲ ಪುಟ್ಟಿ," ಎಂದ.