ಓಣಿ ಮೂಲ್ಯಾಗಿನ ಕುಬಸದ ರಂಗೋಲಿ

ನಿಮ್ಮ ಮನಿ ಮುಂದಿನ ರಸ್ತೆ ಯಾರದ್ರಿ? ಸರ್ಕಾರದ್ದು ಅಂತ ಲಗೂನ ಹೇಳಬ್ಯಾಡ್ರಿ, ಸ್ವಲ್ಪ ವಿಚಾರ ಮಾಡ್ರಿ. ಮುಂಜಾನೆದ್ದು ಕಸಾ ಹೊಡದು, ನೀರು ಹೊಡದು, ರಂಗೋಲಿ ಹಾಕೋರು ಯಾರು? ಸರ್ಕಾರ ಬಂದು ಹಾಕತೈತೇನು?

ಮೊನ್ನೆ ಮೊನ್ನೆ ಮೊಬೈಲಾಗ ಕನ್ನಡಾ ಒತ್ತೋದು ಕಲ್ತೇನಿ. ಒತ್ತಿದ್ದೊಂದು, ಅದು ತಾನ ಬರಕೊಳ್ಳೋದೊಂದು. ಅಳಿಸಿ ಅಳಿಸಿ ಬರೀಲಿಕತ್ತೇನಿ. ತಪ್ಪಿದ್ರ ಮೊಬೈಲಿಗೆ ಬೈರಿ.

ನನ್ನ ತವರುಮನಿ ರಾಣೇಬೆನ್ನೂರ. ಅಲ್ಲೆ ನಮ್ಮವ್ವ ರಸ್ತೆ ನಡುಮಟ ಕಸಾ ಹೊಡೀತಿದ್ಲು. ಎದುರುಮನಿಯಾಕಿ ಆ ಕಡಿಂದ ನಡುಮಟ. ಇಬ್ಬರೂ ಜಗಳಾಡಿ ಮಾತು ಬಿಟ್ಟಾಗೂ ಆ ನಡುವಿನ ಗೆರಿ ತಪ್ಪಲಿಲ್ಲ. ನೀರು ಎಲ್ಲಿಮಟ ಬಿತ್ತೋ ಅಲ್ಲಿಮಟ ನಮ್ದು. ಆ ನಮ್ಮ ಜಾಗಾದಾಗ ಸಂಡಿಗಿ ಒಣಹಾಕ್ತಿದ್ವಿ, ಬ್ಯಾಸಗಿ ಬಂತಂದ್ರ ಹೊರಸು ಹಾಕಿ ಮಲಗ್ತಿದ್ವಿ. ಯಾರೂ ಯಾಕ ಅನ್ನಲಿಲ್ಲ. ಆ ಬುದ್ಧಿನ್ನ ಸೆರಗಿನ್ಯಾಗ ಕಟಗೊಂಡ ನಾ ಬ್ಯಾಡಗಿಗೆ ಸೊಸಿಯಾಗಿ ಬಂದಾಕಿ.

ಈಗ ನನಗೂ ಒಬ್ಬಾಕಿ ಸೊಸಿ ಅದಾಳ. ಮೊದಲ ಆಕಿ ಮೆಣಸಿನಕಾಯಿ ತೊಟ್ಟು ಮುರಿಯಾಕ ಹೋಗ್ತಿದ್ಲು. ಘಾಟು ಆಕಿಗೆ ಆಗಿಬರಲಿಲ್ಲ. ಸಂಜಿಕ ಮನಿಗೆ ಬಂದ್ರ ಕೆಮ್ಮಿ ಕೆಮ್ಮಿ ಹೊಟ್ಟಿ ಹಿಡ್ಕೊಂಡು ಕುಂದ್ರಾಕಿ. ಅದಕ್ಕ ಕುಬಸ, ಅಂದ್ರ ಬ್ಲೌಸ್, ಹೊಲಿಯೋದು ಕಲ್ತು, ನಮ್ಮ ಮನಿ ಮುಂದಿನ ಖೋಲ್ಯಾಗ ಮಷಿನ್ ಇಟಗೊಂಡ್ಲು. ಗಿರಾಕಿ ಯಾರಂದ್ರ ಆಕಿ ಜೋಡಿ ತೊಟ್ಟು ಮುರಿತಿದ್ದ ಹೆಣ್ಮಕ್ಕಳು, ಅವರ ಕೂಡ ಬರೋ ಹೊಸಬರು. ಆದ್ರ ನಮ್ಮ ಮನಿ ಓಣಿ ಒಳಗ ಐತಿ, ದೊಡ್ಡ ರಸ್ತೆಗೆ ಕಾಣಂಗಿಲ್ಲ. ಹಂಗಾಗಿ ಓಣಿ ಮೂಲ್ಯಾಗ, ಗಟಾರದ ಮ್ಯಾಲ ಹಾಸಿದ ಕಲ್ಲಿನ ಫುಟ್‌ಪಾತಿನ್ಯಾಗ ಒಂದು ತಗಡಿನ ಬೋರ್ಡು ನಿಂದ್ರಿಸಿದ್ಲು. "ಕುಬಸ ಹೊಲಿದು ಕೊಡ್ತೇವಿ" ಅಂತ ಬರದು, ಕೆಳಗ ಓಣಿ ಕಡಿ ತೋರಸೋ ಒಂದು ಬಾಣ. ಆ ಬಾಣ ನೋಡೇ ಜನಾ ಒಳಗ ಬರ್ತಿದ್ರು. ನಾನೂ ದಿನಾ ಅಲ್ಲಿಮಟ ಹೋಗಿ ಕಸಾ ಹೊಡದು, ನೀರು ಹೊಡದು, ಬೋರ್ಡಿಗೆ ಕುಂಕುಮಾ ಹಚ್ಚಿ ಬರ್ತಿದ್ದೆ. ಅಂದಮ್ಯಾಲ ಅದು ನಮ್ದ ಜಾಗಾ ಆತಲ್ಲ?

ಒಂದಿನ ಪುರಸಭೆ ಗಾಡಿ ಮೈಕ್ ಹಾಕ್ಕೊಂಡು ಬಂತು. ಫುಟ್‌ಪಾತಿನ್ಯಾಗ ಬೋರ್ಡು ನಿಂದ್ರಸಂಗಿಲ್ಲ, ಗೋಡಿಗೆ ಹಚ್ಚಿ ಬಡೀಬೇಕು, ಇಲ್ಲಾಂದ್ರ ಎತ್ತಿಕೊಂಡು ಹೋಗ್ತೇವಿ ಅಂತ. ನಾ ಕಿವಿಗೆ ಹಾಕ್ಕೊಳ್ಳಲಿಲ್ಲ. ಮುಂದ ಒಬ್ಬಾಕಿ ಆಫೀಸರ್ ಬಂದ್ಲು. ಹಾವೇರಿ ಹುಡಿಗಿ, ನನ್ನ ಮೊಮ್ಮಗಳ ವಾರಿಗೀದು.

"ಅಜ್ಜೀ, ಇದು ಮಂದಿ ನಡದಾಡೋ ಜಾಗಾ ರೀ. ಬೋರ್ಡು ತಗೀರಿ."

"ಯವ್ವಾ, ಇದನ್ನ ದಿನಾ ಕಸಾ ಹೊಡದು ನೀರು ಹೊಡ್ಯಾಕಿ ನಾನು. ನೀ ಒಂದಿನರ ಕಸಬರಿಗಿ ಹಿಡ್ಕೊಂಡು ಬಂದೀಯೇನು?"

"ಕಸಾ ಹೊಡದ್ರ ನಿಮ್ದಾಗತೈತೇನ್ರಿ? ಹಂಗಾರ ಇಡೀ ಊರ ನಮ್ಮ ಪೌರಕಾರ್ಮಿಕರದ್ದ ಆತು!"

ಮೂಲಿ ಮನಿಯಾಗ ಮೋಟರ್ ವೈಂಡಿಂಗ್ ಅಂಗಡಿ ಐತಿ. ಆ ಅಂಗಡಿಯಂವ ತಂತಿ ಸುತ್ತೋದು ಬಿಟ್ಟು ಬಿದ್ದು ಬಿದ್ದು ನಕ್ಕ. ಉತ್ತರಾ ಹೊಳೀದಿದ್ರ ನಾ ಚಾ ಮಾಡ್ತೇನಿ. ಆಕಿ ಚಾ ಕುಡದ್ಲು, ಛಲೋ ಆಗೇತ್ರಿ ಅಂದ್ಲು, ಬೋರ್ಡು ಮಾತ್ರ ಮನಿ ಒಳಗ ಇಡಿಸೇ ಹೋದ್ಲು. ಹೋಗೂಮುಂದ, "ಮೂಲಿ ಗೋಡಿಯವರನ್ನ ಕೇಳ್ರಿ ಅಜ್ಜಿ. ಅವರು ಹೂಂ ಅಂದ್ರ ಗೋಡಿಗೆ ಹಚ್ಚಿ ಬಡಸ್ರಿ" ಅಂದ್ಲು.

ಮೂಲಿ ಗೋಡಿ ಅಂದ್ರ ಆ ನಕ್ಕಾಂವಂದು. ನಾ ಹೊಡದ ನೀರು ಅವನ ಶಟರ್‌ಗೆ ಸಿಡೀತೈತಿ ಅಂತ ಅಂವ ದಿನಾ ವಟವಟ ಅಂತಾನ. ನಿನ್ನ ಶಟರ್ ನನ್ನ ನೀರಿಲ್ಲದ್ರೂ ತುಕ್ಕು ಹಿಡೀತೈತಿ ಅಂತ ನಾ ಅಂತೇನಿ. ಅವನ ಮುಂದ ಹೋಗಿ ಗೋಡಿ ಕೊಡಪಾ ಅನ್ನೋದೇನು?

ಬೋರ್ಡು ಒಳಗ ಬಂದಮ್ಯಾಲ ಗಿರಾಕಿ ಬರೋದು ಕಡಿಮಿ ಆತು. ಹಳಬರು ಬಂದ್ರು, ಹೊಸಬರ ಸುಳಿವಿಲ್ಲ. ಸೊಸಿ ಮಷಿನ್ ಒರಸೋದು, ಎಣ್ಣಿ ಬಿಡೋದು, ಮತ್ತ ಒರಸೋದು. ಒಂದಿನ ರೊಟ್ಟಿ ಬಡಿಯೂಮುಂದ ಮೆಲ್ಲಕ ಅಂದ್ಲು, "ಅತ್ತೀ, ನಾ ಸೋಮವಾರದಿಂದ ಮತ್ತ ಮೆಣಸಿನಕಾಯಿಗೆ ಹೋಗ್ತೇನ್ರಿ." ಇನ್ನೂ ಹೋಗೇ ಇಲ್ಲ, ನನಗ ಆಕಿ ಕೆಮ್ಮು ಕೇಳಿಸಿಬಿಡ್ತು.

ಮರುದಿನ ಮುಂಜಾನೆ ನಾ ರಂಗೋಲಿ ಡಬ್ಬಿ ತಗೊಂಡು ಮೂಲಿಗೆ ಹೋದೆ. ಬೋರ್ಡು ನಿಂದ್ರಸಬಾರ್ದು ಅಂದಾರ, ರಂಗೋಲಿ ಹಾಕಬಾರ್ದು ಅಂತ ಯಾರು ಅಂದಾರ? ಫುಟ್‌ಪಾತಿನ ತುಂಬ ದೊಡ್ಡದೊಂದು ಕುಬಸ ಬರದೆ. ತೋಳಿಗೆ ಅಂಚು, ಬಾಜೂಕ ಕತ್ತರಿ, ಕೆಳಗ ಬಾಣ. ಅರಿಷಿಣ ಕುಂಕುಮಾನೂ ತುಂಬಿದೆ. ಯಾರೂ ಎಡವೂದಿಲ್ಲ, ಯಾರೂ ಎತ್ತಿಕೊಂಡು ಹೋಗೂದಿಲ್ಲ. ನನ್ನ ಶಾಣ್ಯಾತನಕ್ಕ ನಾನ ಮೆಚ್ಚಿ, ಸೊಂಟದ ಮ್ಯಾಲ ಕೈ ಇಟಗೊಂಡು ನಿಂತೆ.

ತೊಟ್ಟು ಮುರಿಯೋ ಹೆಣ್ಮಕ್ಕಳು ಸಾಲಾಗಿ ಬಂದ್ರು. ಮುಂದಿನಾಕಿ ನೋಡಿದ್ಲು. "ಅಯ್, ಕುಬಸಾ ನೋಡ್ರೆವಾ, ಎಷ್ಟ ಚೆಂದ ಐತಿ!" ಅಂದ್ಲು. ಅಂದು, ರಂಗೋಲಿ ಬಿಟ್ಟು ರಸ್ತೆಗೆ ಇಳದ್ಲು. ಆಕಿ ಹಿಂದಿನಾಕಿನೂ ಇಳದ್ಲು. ಎಲ್ಲಾರೂ ಇಳದ್ರು. ರಂಗೋಲಿ ಯಾರು ತುಳೀತಾರ ಹೇಳ್ರಿ? ಅಷ್ಟರಾಗ ಮೆಣಸಿನಕಾಯಿ ಚೀಲಾ ಹೇರಿದ ಲಾರಿ ಭೋಂ ಅಂತ ಹಾರ್ನ್ ಹೊಡದು ಬಂತು. ಕಡೀಗಿದ್ದಾಕಿ ಹೌಹಾರಿ ಜಿಗದ್ಲು. ಕೈಯಾಗಿನ ಬುತ್ತಿ ಡಬ್ಬಿ ಬಿದ್ದು ರೊಟ್ಟಿ ಗಟಾರದ ದಂಡಿಗೆ ಹೋದ್ವು.

"ಅದು ಬರೇ ಪುಡಿ ಐತ್ಯವಾ, ತುಳ್ಕೊಂಡು ಬರಬೇಕಿಲ್ಲೋ!" ಅಂತ ನಾ ಒದರಿದೆ. ಹೆದರಿಕಿಗೆ ಸಿಟ್ಟ ಬಂದಿತ್ತು.

ಆಕಿಗೂ ಬಂದಿತ್ತು. "ನೀವ ಮೊದಲ ತುಳದು ತೋರಸ್ರಿ ಆಯೀ" ಅಂದ್ಲು.

ನಾ ಕಾಲೆತ್ತಿದೆ. ಖರೇ ಹೇಳ್ತೇನಿ, ಕಾಲು ಕೆಳಗ ಬರಲಿಲ್ಲ. ನಮ್ಮವ್ವ ಕಲಿಸಿದ ಕಾಲು ಅದು. ಎತ್ತಿದ ಕಾಲು ಹಂಗ ಹಿಂದಕ್ಕ ಇಟ್ಟೆ.

ಆಕಿಗೆ ನಮ್ಮ ಮನಿ ರೊಟ್ಟಿ ಕಟ್ಟಿ ಕಳಿಸಿ, ಅಲ್ಲೇ ಕಟ್ಟಿ ಮ್ಯಾಲ ಕುಂತೆ. ತಗಡಿನ ಬೋರ್ಡು ಇದ್ದಾಗೂ ಇವರು ಇಲ್ಲೇ ಬಂದು ಇಳೀತಿದ್ರು. ದಿನಾ ನೋಡ್ತಿದ್ದೆ. ಅದು ಅವರ ನಡಿಗಿ ರೂಢಿ ಅಂತ ತಿಳದಿದ್ದೆ. ಹಾವೇರಿ ಬಸ್‌ಸ್ಟ್ಯಾಂಡ್ ಕಡೆ ಹೋದಾಗ ಇಂಥವ ಬೋರ್ಡು ಸುತ್ತಿ ಸುತ್ತಿ ರಸ್ತೆಗೆ ಇಳದು, ಇಟ್ಟವರಿಗೆ ಕಣ್ಣಿಲ್ಲೇನು ಅಂತ ಬೈದಾಕಿ ನಾನ. ನಮ್ಮವ್ವ ಹಾಕಿದ ಹೊರಸನ್ನೂ ಮಂದಿ ಸುತ್ತಿ ಹೋಗ್ತಿದ್ರಲ್ಲ. ಆಗ ಲಾರಿ ಇರಲಿಲ್ಲ, ಎತ್ತಿನ ಬಂಡಿ ಇತ್ತು. ಬಂಡಿ ನಿಲ್ತಿತ್ತು. ನೀರು ಹೊಡದ್ರ ಧೂಳು ಕುಂದ್ರತೈತಿ, ಜಾಗಾ ನಮ್ದಾಗೂದಿಲ್ಲ. ಇಷ್ಟು ತಿಳೀಲಿಕ್ಕೆ ನನಗ ಇಷ್ಟು ವಯಸ್ಸಾಗಬೇಕಾತು.

ಕುಬಸಾನ್ನ ನಾನ ಹಸಿ ಅರಿಬಿಲೇ ಒರಸಿದೆ. ಕುಂಕುಮದ ಕಲಿ ಮಾತ್ರ ಕಲ್ಲಿಗೆ ಹಿಡ್ಕೊಂಡು ಉಳೀತು.

ಆವತ್ತು ಶುಕ್ರವಾರ. ವೈಂಡಿಂಗ್ ಅಂಗಡಿಯಂವ ಮಧ್ಯಾಹ್ನ ನಮಾಜಿಗೆ ಹೋಗಿ ಬರಲಿ, ಮನಸು ತಂಪಿರತೈತಿ ಅಂತ ಕಾದು, ಸೊಸಿ ಕೈಯಾಗ ಬೋರ್ಡು ಕೊಟ್ಟು, ಕರಕೊಂಡು ಹೋಗಿ ನಿಂತೆ.

"ತಮ್ಮಾ, ನಿನ್ನ ಮೂಲಿ ಗೋಡಿ... ಈ ಬೋರ್ಡಿಗೆ ಒಂದೀಟು ಜಾಗಾ ಕೊಡ್ತಿಯೇನಪಾ?"

ಅಂವ ನನ್ನ ಕಡಿ ನೋಡಲೇ ಇಲ್ಲ. ಸೊಸಿಗೆ, "ಕೊಡವಾ ತಂಗಿ ಇಲ್ಲೆ" ಅಂತ ಬೋರ್ಡು ಇಸ್ಕೊಂಡ. ಸ್ಟೂಲ್ ತಂದ, ಮೊಳಿ ಹಲ್ಲಾಗ ಹಿಡ್ಕೊಂಡ, ಮ್ಯಾಲ ಏರಿ ತಾನ ಬಡೀಲಿಕತ್ತ. ಬಾಣ ಓಣಿ ಕಡಿ ಐತಿಲ್ಲೋ ಅಂತ ಸೊಸಿಗೆ ಕೇಳಿದ. ಆಕಿ ಎಷ್ಟೋ ದಿನದ ಮ್ಯಾಲ ನಕ್ಕು, ಐತ್ರಿ ಅಣ್ಣಾ ಅಂದ್ಲು.

ನನಗ ಸುಮ್ಮನ ನಿಂದ್ರಾಕ ಆಗಲಿಲ್ಲ. ಪುಕ್ಕಟ ತಗೊಂಡ್ರ ಮನಸ್ಸಿಗೆ ಬರೂದಿಲ್ಲ ನೋಡ್ರಿ. "ತಮ್ಮಾ, ನಾಳಿಂದ ನಿನ್ನ ಗೋಡಿ ಬುಡಕೂ ನಾನ ಕಸಾ ಹೊಡದು ನೀರು ಹೊಡೀತೇನಿ" ಅಂದೆ.

ಅಂವ ಹಲ್ಲಾಗಿನ ಮೊಳಿ ತಗದು, ಸ್ಟೂಲ್ ಮ್ಯಾಲಿಂದನ ಕೈ ಮುಗದ.

"ಬ್ಯಾಡ್ರಿ ಆಯೀ! ನಿಮ್ಮ ನೀರು ಬಿದ್ದಿದ್ದೆಲ್ಲಾ ನಿಮ್ದಾಗತೈತಿ. ಗೋಡಿ ಒಂದರ ನನಗ ಇರಲಿ!"