ಸಭೆಯ ವಿಳಾಸಕ್ಕೆ ಬರೆದ ಕಾಗದ

ನಮ್ಮಪ್ಪ ಊರೂರು ತಿರುಗುವ ಪಾದ್ರಿ. ನಾವಿದ್ದದ್ದು ಚಿಕ್ಕಬಳ್ಳಾಪುರದಲ್ಲಿ, ಅಪ್ಪ ಇದ್ದದ್ದು ಯಾವುದೋ ಬಸ್ಸಿನಲ್ಲಿ. ಒಂದು ವಾರ ನಗರಗೆರೆ, ಇನ್ನೊಂದು ವಾರ ಜಂಗಮಕೋಟೆ, ಆಮೇಲೆ ಕೆಂಚಾರ್ಲಹಳ್ಳಿ. ಎಲ್ಲರ ಕೈಗೂ ಮೊಬೈಲ್ ಬರುತ್ತಿದ್ದ ಕಾಲ ಅದು. ಅಪ್ಪನಿಗೆ ಮಾತ್ರ ಫೋನ್ ಒಗ್ಗಲಿಲ್ಲ. ಎಸ್‌ಟಿಡಿ ಬೂತಿನಲ್ಲಿ ಅವರ ಪೀಠಿಕೆ ಮುಗಿಯುವ ಮೊದಲೇ ಮೀಟರು ಹೆದರಿಸುತ್ತಿತ್ತು. ಹಾಗಾಗಿ ಮನೆಗೆ ಇನ್‌ಲ್ಯಾಂಡ್ ಲೆಟರ್ ಬರುತ್ತಿತ್ತು.

ಅದಕ್ಕೆ ಕಾಗದ ಅನ್ನುವುದಕ್ಕಿಂತ ಚರ್ಚಿನ ಪ್ರಸಂಗ ಅನ್ನಬೇಕು. "ಪ್ರಿಯರೇ" ಎಂದು ಶುರು, ನಡುವೆ ಮೂರು ಅಂಶ, ಕೊನೆಗೆ ಆಶೀರ್ವಾದ. ನನಗೆ ಜ್ವರ ಎಂದು ಬರೆದರೆ ಲೋಕದ ರೋಗಿಗಳನ್ನೆಲ್ಲ ಸೇರಿಸಿ ಪ್ರಾರ್ಥನೆ ಬರುತ್ತಿತ್ತು. ಅಮ್ಮ ಓದಿ ಮುಗಿಸಿ, "ಕಾಣಿಕೆ ತಟ್ಟೆ ಒಂದು ಕಳ್ಸಿಲ್ಲ ನೋಡಮ್ಮ," ಎನ್ನುತ್ತಿದ್ದಳು.

ಹೀಗಿರುವಾಗ ನನ್ನ ನಿಶ್ಚಿತಾರ್ಥ ಒಂದು ಭಾನುವಾರಕ್ಕೆ ಗೊತ್ತಾಯಿತು. ಶಿಡ್ಲಘಟ್ಟದ ಗಂಡಿನ ಕಡೆಯವರು, ಹುಡುಗಿಯ ತಂದೆ ಎದುರಿಗಿರದೆ ಉಂಗುರ ತೊಡಿಸುವುದಿಲ್ಲ ಎಂದುಬಿಟ್ಟರು. ಅಮ್ಮ ಎರಡು ಸಲ ಬರೆದಳು. ಅಪ್ಪ ಎರಡು ಸಲವೂ ಧಾರಾಳವಾಗಿ ಆಶೀರ್ವಾದ ಕಳಿಸಿದರು. ಅದೇ ಭಾನುವಾರ ಕೆಂಚಾರ್ಲಹಳ್ಳಿಯಲ್ಲಿ ಯಾರದೋ ಮಗಳ ನಿಶ್ಚಿತಾರ್ಥ ನಡೆಸಿಕೊಡಬೇಕಿತ್ತಂತೆ. ನನಗೆ ಅಳು ಬಂತು, ಅಮ್ಮನಿಗೆ ಸಿಟ್ಟು.

ಚರ್ಚಿನ ಸಭೆಯ ವಿಳಾಸಕ್ಕೆ ಯಾವ ಕಾಗದ ಬಂದರೂ ಆರಾಧನೆ ಮುಗಿದ ಮೇಲೆ ಎಲ್ಲರ ಮುಂದೆ ಓದುವುದು ಆ ಹಳ್ಳಿಯ ರೂಢಿ. ಕ್ರಿಸ್‌ಮಸ್‌ಗೆ ಹೋಗಿದ್ದಾಗ ಅಮ್ಮ ಅದನ್ನು ಕಂಡಿದ್ದಳು. ಈ ಸಲ ಅಪ್ಪನ ಹೆಸರು ಬಿಟ್ಟು ಸಭೆಗೇ ಬರೆದಳು.

"ಪ್ರಿಯರೇ, ನಿಮ್ಮ ಅಯ್ಯನವರನ್ನು ಒಂದು ಭಾನುವಾರದ ಮಟ್ಟಿಗೆ ನಮಗೆ ಬಿಟ್ಟುಕೊಡಿ. ಅವರಿಗೂ ಒಬ್ಬಳು ಮಗಳಿದ್ದಾಳೆ."

ನಿಶ್ಚಿತಾರ್ಥಕ್ಕೆ ಹಿಂದಿನ ಭಾನುವಾರ ಸಭೆಯ ಹಿರಿಯರು ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರಂತೆ. ಜನ ಅಭ್ಯಾಸಬಲದಿಂದ "ಆಮೆನ್" ಎಂದರಂತೆ. ಅಪ್ಪ ತಲೆ ತಗ್ಗಿಸಿ ಕೂತಿದ್ದಾಗ, ಆ ಇನ್ನೊಬ್ಬ ಹುಡುಗಿಯ ಅಜ್ಜಿ ಎದ್ದು ನಿಂತಳಂತೆ.

"ನಮ್ಮುಡ್ಗೀದು ಒಂದ್ ವಾರ ಮುಂದಕ್ಕೋಗ್ಲಿ ಬಿಡಿ. ಮೊದ್ಲು ಇಂಟಿಕಿ ಪೋಂಡಿ ಅಯ್ಯನೋರೇ," ಎಂದು ತೆಲುಗು ಬೆರೆಸಿ ಗದರಿ ಮನೆಗೆ ಅಟ್ಟಿದಳಂತೆ.

ಅಪ್ಪ ಬಂದರು. ಅಮ್ಮನ ಮುಖ ನೋಡಲಾರದೆ ನೀರು ಕುಡಿಯುತ್ತಾ ಕೂತರು. ಉಂಗುರಕ್ಕೆ ಮುಂಚೆ ಪ್ರಾರ್ಥನೆ ಮಾಡಿ ಎಂದು ಬೀಗರು ಕೇಳಿಕೊಂಡರು. ಇವರ ಪ್ರಾರ್ಥನೆಯ ಉದ್ದ ಬಲ್ಲ ಅಮ್ಮ, ತಂದಿಟ್ಟ ಕಾಫಿ ಲೋಟಗಳಿಗೆಲ್ಲ ತಟ್ಟೆ ಮುಚ್ಚಿದಳು.

ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟರು. "ಕರ್ತನೇ, ಇವಳು ನನ್ನ ಮಗಳು," ಎಂದರು. ಮುಂದಕ್ಕೆ ಮಾತು ಹೊರಡಲಿಲ್ಲ. ಎಲ್ಲರೂ ಕಣ್ಣು ಮುಚ್ಚಿಕೊಂಡು ಕಾದರು.

ಕೊನೆಗೆ ಅಮ್ಮನೇ "ಆಮೆನ್" ಎಂದಳು. ಕಾಫಿ ಇನ್ನೂ ಬಿಸಿಯಾಗಿತ್ತು.