ಫ್ರಿಜ್ಜಿನಲ್ಲಿಟ್ಟ ಕೆರೆಯ ಲೋಳೆ

ಅತ್ತೆಯ ಜೊತೆ ವಾದ ಮಾಡಿ ನಾನು ಗೆದ್ದದ್ದು ಒಂದೇ ಸಲ. ಅದೂ ಗೆಲ್ಲಬಾರದಿತ್ತು.

ಎಂ.ಎಸ್ಸಿ. ಪ್ರಾಜೆಕ್ಟಿಗೆ ಆರಿಸಿಕೊಂಡದ್ದು ಡಯಾಟಮ್. ಕೆರೆಯ ಕಲ್ಲಿನ ಮೇಲೆ ಕಂದು ಲೋಳೆಯಾಗಿ ಕೂರುವ ಪಾಚಿ. ಅದರ ಒಂದೊಂದು ಜೀವಕೋಶವೂ ತನ್ನ ಸುತ್ತ ಗಾಜಿನ ಡಬ್ಬಿ ಕಟ್ಟಿಕೊಳ್ಳುತ್ತದೆ. ಡಬ್ಬಿಯ ಚಂದ ಎಲ್ಲರೂ ನೋಡಿದ್ದೇ. ನನಗೆ ಬೇಕಿದ್ದದ್ದು ಅದರ ಹೊರಮೈಗೆ ಹತ್ತಿಕೊಂಡಿರುವ ಫ್ರಸ್ಟುಲಿನ್ ಎಂಬ ಪ್ರೋಟೀನು. ಗಾಜು ಹೇಗಿಟ್ಟರೂ ಉಳಿಯುತ್ತದೆ, ಪ್ರೋಟೀನು ತಣ್ಣಗಿಡದಿದ್ದರೆ ಕೊಳೆಯುತ್ತದೆ.

ಯಳಂದೂರಿನ ಕಡೆಯ ಕೆರೆಯೊಂದರಲ್ಲಿ ಹಲ್ಲುಜ್ಜುವ ಬ್ರಶ್ಶಿನಿಂದ ಕಲ್ಲು ಉಜ್ಜಿ ಬಾಟಲಿ ತುಂಬಿಸಿದೆ. ಮೈಸೂರಿನ ಲ್ಯಾಬಿನಲ್ಲಿ ಪ್ರೋಟೀನು ಬೇರ್ಪಡಿಸುವ ಯಂತ್ರ ಕೆಟ್ಟಿತ್ತು. ಅದು ರಿಪೇರಿಯಾಗುವತನಕ ಮುಳ್ಳೂರಿನ ಅತ್ತೆಯ ಫ್ರಿಜ್ಜೇ ಗತಿ. ಹಾಲಿನ ಪಕ್ಕ ಚರಂಡಿ ನೀರು ಇಡಲು ಅವಳು ಸುತರಾಂ ಒಪ್ಪಲಿಲ್ಲ. ಚರ್ಚಾಸ್ಪರ್ಧೆಯ ವರಸೆಯೆಲ್ಲ ತೆಗೆದೆ. ಇದು ಕೊಳಕಲ್ಲ, ಗಿಡದ ಹಾಗೆ, ಜೀವ ಇದೆ ಎಂದೆ. ಸೋತು ಜಾಗ ಕೊಟ್ಟಳು.

ಯಂತ್ರದ ವಿಚಾರಕ್ಕೆ ನಾನು ಮೈಸೂರಿಗೆ ಹೋದಾಗ ಅಮಾವಾಸ್ಯೆ ಬಂತು. ಮಾದಪ್ಪನ ಬೆಟ್ಟಕ್ಕೆ ಹೊರಡುವ ಮುಂಚೆ ಅತ್ತೆ ಮನೆ, ಫ್ರಿಜ್ಜು ಎಲ್ಲ ತೊಳೆಯುತ್ತಾಳೆ. ವಾಪಸು ಬಂದು ನೋಡಿದರೆ ನನ್ನ ಬಾಟಲಿ ನೀರಿನ ತೊಟ್ಟಿಯ ಮೇಲೆ, ಸುಡುಬಿಸಿಲಿನಲ್ಲಿ.

"ಗಿಡ ಅಂದಲ್ಲ ಮಗ. ಕತ್ಲೇಲಿ, ಚಳೀಲಿ ಕೂಡಾಕುದ್ರೆ ಬದುಕೀತಾ? ಮುಚ್ಚಳಾನೂ ತೆಗ್ದಿವ್ನಿ, ಉಸ್ರಾಡ್ಲಿ ಅಂತ."

ಬಿಸಿಯಾದ ಬಾಟಲಿಗೆ ಮುಚ್ಚಳ ಹಾಕಿದೆ. ಅವಳ ವಾದದಲ್ಲಿ ತಪ್ಪಿರಲಿಲ್ಲ, ಅದು ನನ್ನದೇ ವಾದ.

ಲ್ಯಾಬಿನ ಯಂತ್ರ ಸರಿಹೋಗಿತ್ತು, ಆದರೆ ಪ್ರೋಟೀನಿನ ಗೆರೆಗಳು ಮೂಡಬೇಕಾದ ಕಡೆ ಮಸಿ ಒರೆಸಿದ ಹಾಗೆ ಬಂತು. ಮೈಕ್ರೋಸ್ಕೋಪಿನಲ್ಲಿ ಮಾತ್ರ ಡಬ್ಬಿಗಳು ಹೊಚ್ಚಹೊಸದರ ಹಾಗೆ, ಒಂದು ಬಿರುಕಿಲ್ಲ. ಫೋಟೋ ತೆಗೆದು ವಿಷಯ ಬದಲಾಯಿಸು, ಯಾರು ಕೇಳುತ್ತಾರೆ ಎಂದರು ಗೈಡು. ನನ್ನ ಪ್ರಶ್ನೆ ಡಬ್ಬಿಯದಲ್ಲ ಎಂದೆ. ಹಾಗಾದರೆ ಹೊಸ ಸ್ಯಾಂಪಲ್ ತಾ, ಸಲ್ಲಿಸುವ ದಿನವೇನೂ ಮುಂದಕ್ಕೆ ಹೋಗುವುದಿಲ್ಲ ಎಂದರು. ವಾದಿಸುವ ಚೈತನ್ಯ ಅಷ್ಟಕ್ಕೇ ಮುಗಿದಿತ್ತು.

ಮತ್ತೆ ಕೊಳ್ಳೇಗಾಲ, ಮತ್ತೆ ಯಳಂದೂರು, ನಿಂತುಕೊಂಡೇ ಬಸ್ಸು, ಮತ್ತೆ ಅದೇ ಕಲ್ಲು; ಲ್ಯಾಬಿನಲ್ಲಿ ನನ್ನ ಸರದಿ ಬರುವತನಕ ಮತ್ತೆ ಅದೇ ಫ್ರಿಜ್ಜು. ಮೊಣಕಾಲತನಕ ಕೆಸರು ಮಾಡಿಕೊಂಡು ಬಾಟಲಿ ಹಿಡಿದು ಬಂದಾಗ ಅತ್ತೆ ಫ್ರಿಜ್ಜಿನ ಬಾಗಿಲಿಗೆ ಒರಗಿ ನಿಂತಿದ್ದಳು.

"ಈ ಸಲ ಏನಂತ ತಿಳ್ಕಳ್ಲಿ? ಗಿಡವಾ, ಅಲ್ವಾ?"

ಬಿಡಿಸಿ ಹೇಳುವಷ್ಟು ತ್ರಾಣವಿರಲಿಲ್ಲ. ಹೊಸಲಿನ ಮೇಲೆ ಕುಸಿದು ಕೂತೆ.

"ಹಾಲು ಅಂತ ತಿಳ್ಕೊ ಅತ್ತೆ. ಆಚೆ ಇಟ್ರೆ ಕೆಟ್ಟೋಯ್ತದೆ."

"ಆಲು ಈ ವಾಸ್ನೆ ಬರಕಿಲ್ಲ ಕಣ್ ಮಗ," ಎನ್ನುತ್ತಲೇ ಅತ್ತೆ ಹಾಲಿನ ಪಾತ್ರೆಯನ್ನು ಅತ್ತ ಸರಿಸಿ, ಬಾಟಲಿಯನ್ನು ಎರಡು ಬೆರಳಲ್ಲಿ ಹಿಡಿದು ಒಳಗಿಟ್ಟಳು. "ಅಮಾಸೆ ಒಳ್ಗೆ ತಕಂಡೋಗು."